ನಮ್ಮ ಜಗಲಿಯಲ್ಲಿ ಹುಟ್ಟಿದ ಸೊಸೈಟಿ

ರೈತರ ಸಹಕಾರಿ ಸಂಘವೊಂದು ಹುಟ್ಟಿದ್ದು ಈ ಮಹಾನಗರದ ಲೇಕ್ ಗಾರ್ಡನ್ಸ್ ಬಡಾವಣೆಯ ನಮ್ಮ ಮನೆಯ ಜಗಲಿಯಲ್ಲಿ ಅಂದರೆ ಊರ ಕಡೆಯವರು ನಗುತ್ತಾರೆ. ನಗಲಿ. ಸ್ಟೇಷನ್ ಪಕ್ಕ ತರಕಾರಿ ಮಾರುವ ಹೆಂಗಸರೆಲ್ಲ ಒಂದೇ ಹಳ್ಳಿಯವರು, ಬೆಳಗಿನ ಲೋಕಲ್‌ನಲ್ಲಿ ಬರುವವರು. ಹಳ್ಳಿಯಲ್ಲಿ ಕೂತು ಮಾತಾಡಿದರೆ ಊರಿಗೆಲ್ಲ ಸಾಲ ಕೊಡುವ ಸಾಹುಕಾರನ ಕಿವಿಗೆ ಬೀಳುತ್ತದೆಂದು, ವ್ಯಾಪಾರ ಮುಗಿಸಿ ನಮ್ಮಲ್ಲಿ ಸೇರುತ್ತಿದ್ದರು.

ನಮಗೆ ತರಕಾರಿ ಕೊಡುವವಳನ್ನು ನಾವು ಬಂಗಾಳಿ ರೂಢಿಯಂತೆ ಮಾಸಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು; ಅವಳ ಹೊಲ ಆ ಸಾಹುಕಾರನಲ್ಲಿ ಅಡವಿತ್ತು. ಚಳಿಗಾಲದ ಬಿತ್ತನೆಯೊಳಗೆ ಬಿಡಿಸಿಕೊಳ್ಳದಿದ್ದರೆ ತಾನೇ ಉಳುತ್ತೇನೆ ಎಂದಿದ್ದ ಅವನು. ಹಿಂದೊಮ್ಮೆ ಚಿಟ್ ಫಂಡಿನವರು ಟೋಪಿ ಹಾಕಿ ಹೋದ ಮೇಲೆ ಈ ಹೆಂಗಸರು ಯಾರ ಕೈಗೂ ದುಡ್ಡು ಕೊಡುವವರಲ್ಲ. ಅಕ್ಕಿಯಾದರೆ ಹೆದರಿಕೆಯಿಲ್ಲ. ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ತೆಗೆದಿಡುವುದು ಅವರಲ್ಲಿ ಹಳೆಯ ರೂಢಿ; ಅದನ್ನೇ ವಾರವಾರ ಒಟ್ಟುಗೂಡಿಸಿ ಮಾರತೊಡಗಿದರು. ಬಂದ ದುಡ್ಡು ಸೊಸೈಟಿಯ ಬಂಡವಾಳ; ಅಕ್ಕಿ ತೆಗೆದಿಟ್ಟವಳೇ ಸದಸ್ಯೆ. ಎಂಥ ಗಟ್ಟಿಗಿತ್ತಿಯರಪ್ಪ ಇವರು ಎಂದು ನಾನು ಬೆರಗಾಗಿದ್ದೆ.

ನಿಯಮ ಬರೆದುಕೊಟ್ಟವರು ನಮ್ಮ ಯಜಮಾನರು, ಆ ಹೆಂಗಸರ ಬಾಯಲ್ಲಿ ದಾದಾ, ಅಂದರೆ ಅಣ್ಣ. ಪಾರ್ಕ್ ಸ್ಟ್ರೀಟಿನ ಬ್ಯಾಂಕೊಂದರಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಜಾಮೀನಿಲ್ಲದೆ ನನಗೂ ಕೈಸಾಲ ಕೊಡುವ ಜನವಲ್ಲ. ಮೊದಲ ಸಾಲ ಮಾಸಿಗೆ ಎಂದು ಎಲ್ಲರೂ ಒಪ್ಪಿದ ದಿನ ಅವರು ನಿಯಮ ಓದಿದರು: ಜಾಮೀನು ನಿಲ್ಲುವವರು ಸದಸ್ಯರಾಗಿರಬೇಕು, ಮನೆಯ ಮೇಲೆ ಸಾಲವಿರಬಾರದು. ಹೆಂಗಸರು ಮುಖ ಮುಖ ನೋಡಿಕೊಂಡರು.

"ದಾದಾ, ನಮ್ಮೂರಲ್ಲಿ ಸಾಲ ಇಲ್ಲದ ಮನೆ ಒಂದೇ. ಸಾಹುಕಾರನದು," ಎಂದಳು ಮಾಸಿ.

ನನಗೆ ಸಿಟ್ಟು ನೆತ್ತಿಗೇರಿತು. "ಎಂತ ಮಾರಾಯ್ರೆ, ಸಾಲ ಇಲ್ಲದವರು ಇಲ್ಲಿಗೆ ಯಾಕೆ ಬರ್ತಾರೆ? ಆ ನಿಯಮ ಹೊಡೆದುಹಾಕಿ."

"ಮೊದಲ ದಿನವೇ ನಿಯಮ ಮುರಿದ್ರೆ ಸೊಸೈಟಿ ಉಳಿಯುವುದುಂಟಾ?" ಎಂದರು ಅವರು. ಅದೂ ಸುಳ್ಳಲ್ಲ.

ಆಗ ಬಾಗಿಲ ಬಳಿ ತಲೆಯ ಮೇಲೆ ಸೆರಗೆಳೆದುಕೊಂಡು ಕೂತಿದ್ದ ಹೆಂಗಸೊಬ್ಬಳು ಎದ್ದಳು. ಡಾಕ್ಟರ ಹತ್ತಿರ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಮೊದಲ ಸಲ ಬಂದಿದ್ದವಳು; ಅಕ್ಕಿಯನ್ನು ಮಾತ್ರ ಮೊದಲಿನಿಂದಲೂ ಮಾಸಿಯ ಕೈಯಲ್ಲಿ ಗುಟ್ಟಾಗಿ ಕಳಿಸುತ್ತಿದ್ದಳಂತೆ. ಸಾಹುಕಾರನ ಸೊಸೆ.

"ನಾನು ನಿಲ್ತೇನೆ," ಎಂದಳು.

ಮಾಸಿ ಅವಳ ಕೈ ಹಿಡಿದಳು. "ಬೇಡಮ್ಮ. ನಿನ್ನ ಮಾವ ಸುಮ್ಮನೆ ಬಿಡ್ತಾನಾ?"

"ಅಕ್ಕಿ ಕೊಟ್ಟದ್ದು ಮಾವ ಅಲ್ಲ, ನಾನು."

ಯಜಮಾನರು ಎದ್ದು ನಿಂತು ತಮ್ಮ ಕುರ್ಚಿಯನ್ನು ಅವಳತ್ತ ಸರಿಸಿದರು. ಮಾಸಿಯ ಹೊಲ ಬಿಡಿಸುವ ಕಾಗದಕ್ಕೆ ಅವಳು ನಿಧಾನವಾಗಿ ರುಜು ಹಾಕಿದಳು. ನನಗೆ ಹೆಮ್ಮೆಯಾಯಿತು. ಚಹಾ ಕುಡಿದು, ಸಂಜೆಯ ಲೋಕಲ್ ಹಿಡಿದು ಅವಳು ವಾಪಸು ಹೋದದ್ದು ಅದೇ ಸಾಹುಕಾರನ ಮನೆಗೆ, ಅವನಿಗೆ ರಾತ್ರಿಯ ಅಡುಗೆ ಮಾಡಲು.