ಬಾಗಿಲಿಗೆ ಕಿವಿಗೊಟ್ಟ ದಿನಗಳು

ಬ್ಯಾಡಗಿ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಮೆಣಸಿನಕಾಯಿ ಖರೀದಿ ಮಾಡಿದವನು ನಾನು. ಚೀಲದ ಬಾಯಲ್ಲಿನ ಕೆಂಪು ಕಾಯಿ ನೋಡಿ ಯಾವತ್ತೂ ಮರುಳಾಗಲಿಲ್ಲ. ಮೊಳಕೈವರೆಗೆ ಕೈ ತೂರಿಸಿ ತಳದ ಕಾಯಿ ಎಳೆದು ನೋಡಿಯೇ ಮುಂದಿನ ಮಾತು. ಕೊರೊನಾ ಬಂದು ಮಾರುಕಟ್ಟೆ ಮುಚ್ಚಿದಾಗ ಹಾವೇರಿಯ ಮನೆಯಲ್ಲಿ ಕೂತ ನನಗೆ ಪರೀಕ್ಷಿಸಲು ಸಿಕ್ಕವಳು ಒಂಬತ್ತನೇ ತರಗತಿಯ ಮಗಳು.

ಆನ್‌ಲೈನ್ ಪಾಠಕ್ಕೆಂದು ನನ್ನ ಮೊಬೈಲ್ ಅವಳ ಕೈಗೆ ಹೋಗಿತ್ತು. ಪಾಠಕ್ಕಷ್ಟೇ, ಹರಟೆಗಲ್ಲ ಎಂದು ಕಟ್ಟಪ್ಪಣೆ ಮಾಡಿದ್ದೆ. ಆದರೆ ಪಾಠ ಮುಗಿದ ಮೇಲೂ ಅವಳು ಕೋಣೆಯಿಂದ ಹೊರಬರುತ್ತಿರಲಿಲ್ಲ. ಬಾಗಿಲಿಗೆ ಕಿವಿಗೊಟ್ಟರೆ ಪಿಸುಮಾತು, ನಡುವೆ ಕಿಸಕ್ಕನೆ ನಗು. ನಾಚಿಕೆ ಬಿಟ್ಟು ಹೇಳುತ್ತೇನೆ, ದಿನಾ ಕಿವಿಗೊಟ್ಟೆ. "ಹುಡುಗಿ ಓದಾಕತ್ತಾಳ, ಸುಮ್ನ ಇರ್ರಿ" ಅಂದಳು ಹೆಂಡತಿ. ಇವಳೂ ಶಾಮೀಲೇನೋ ಅನಿಸಿತು.

ಒಂದು ಮಧ್ಯಾಹ್ನ ಮಗಳು ಊಟಕ್ಕೆ ಕೂತಾಗ ಮೊಬೈಲ್ ತೆಗೆದು ನೋಡಿದೆ. ಹೆಸರಿಲ್ಲದ ಒಂದೇ ನಂಬರು, ದಿನಾ ಮುಕ್ಕಾಲು ಗಂಟೆ ಮಾತು. ಆ ನಂಬರಿಗೆ ಫೋನ್ ಮಾಡಿದೆ. ಗಂಡಸಿನ ದನಿ!

"ಯಾರಲೇ ನೀ? ನನ್ನ ಮಗಳ ಕೂಡ ಏನ್ ಮಾತಾಡ್ತೀ? ಇನ್ನೊಮ್ಮೆ ಮಾತಾಡಿದಿ ಅಂದ್ರ ಮನೀಗೆ ಬಂದು ಕಾಲ್ ಮುರಿತೇನಿ!"

"ನಾ ಕರ್ಜಗಿಯಾಂವ್ರಿ. ನನ್ನ ಮಗಳು ನಿಮ್ಮ ಹುಡುಗಿ ಕ್ಲಾಸಿನಾಕಿ. ನಮ್ಮ ಕಡೆ ಬಟನ್ ಫೋನ್ ಅಷ್ಟ ಐತ್ರಿ. ನಿಮ್ಮಾಕಿ ಪಾಠ ಹೇಳ್ತಾಳ, ನಮ್ಮಾಕಿ ಬರ್ಕೋತಾಳ. ತಪ್ಪಾತ್ರಿ, ಇನ್ನ ಮಾತಾಡಂಗಿಲ್ರಿ."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮಗಳು ತುತ್ತು ಕೈಯಲ್ಲೇ ಹಿಡಿದು ಎಲ್ಲ ಕೇಳುತ್ತಿದ್ದಳು. ಸಂಜೆ ತಪ್ಪೊಪ್ಪಿಕೊಳ್ಳಲು ಫೋನ್ ಮಾಡಿದೆ, ಎತ್ತಲಿಲ್ಲ. ಮರುದಿನ ಮಗಳು ಮಾಡಿದಳು, ಆಗಲೂ ಎತ್ತಲಿಲ್ಲ. ಬೈಕ್ ಹತ್ತಿ ಹತ್ತಿರದ ಹಳ್ಳಿ ಕರ್ಜಗಿಗೆ ಹೋಗಬಹುದಿತ್ತು. ಲಾಕ್‌ಡೌನಿನ ನೆಪ ಹೇಳಿ ಮನೆಯಲ್ಲೇ ಕೂತೆ. ಒಳಗೊಳಗೆ, ಆ ಮನುಷ್ಯ ಹೇಳಿದ್ದು ಖರೇನೋ ಸುಳ್ಳೋ ಎಂಬ ಹುಳ ಕೂಡ ಕೊರೆಯುತ್ತಿತ್ತು.

ಶಾಲೆ ಮತ್ತೆ ತೆರೆದ ದಿನ ಮಗಳನ್ನು ಬಿಡಲು ಹೋದೆ. ಕರ್ಜಗಿ ಬಸ್ಸಿನಿಂದ ಇಳಿದ ಹುಡುಗಿಯರು ಮಾಸ್ಕ್ ಹಾಕಿಕೊಂಡು ಗೇಟಿನತ್ತ ಬಂದರು. ಮಗಳು ಒಬ್ಬೊಬ್ಬರ ಕಣ್ಣು ನೋಡುತ್ತ ನಿಂತಳು. ಕೊನೆಗೆ ತನ್ನ ಗೆಳತಿ ಎಲ್ಲಿ ಎಂದು ಒಬ್ಬಳನ್ನು ಕೇಳಿದಳು.

"ಆಕಿ ಪಾಠ ಹಿಂದ ಬಿದ್ದುವಂತ, ಸಾಲಿ ಬಿಟ್ಟಾಳ. ಲಗ್ನ ಗೊತ್ತಾಗೇತಿ."

ಮಗಳು ನನ್ನ ಕಡೆ ತಿರುಗಿದಳು. "ಈಗ ಸಮಾಧಾನ ಆತೇನಪ್ಪಾ?" ಎಂದು ಕೇಳಿ ಒಳಗೆ ಹೋದಳು.