ಅಪ್ಪಣೆ ಕೇಳುವ ಕಲೆರ್ವೊ

ಟಾಂಪೆರೆ ಊರಿನ ಕಲೆರ್ವೊಗೆ ಯಾರಾದರೂ ಗಂಟೆಯ ಒಂದು ‘ಠಣ್’ ಕಳಿಸಿದರೂ ಮೊದಲ ಪ್ರಶ್ನೆ ಒಂದೇ: “ಅಪ್ಪಣೆ ಕೇಳಿದ್ಯೇನಪ್ಪಾ?” ಕಂಪ್ಯೂಟರಿನೊಳಗೇ ಪಿಯಾನೊ, ಪಿಟೀಲು ನುಡಿಸಿ ಹಾಡು ಕಟ್ಟುವವರೆಲ್ಲ ವಾದ್ಯದ ಸದ್ದುಗಳನ್ನು ಪುಕ್ಕಟೆ ಎತ್ತಿಕೊಳ್ಳುವ ಧ್ವನಿಭಂಡಾರಕ್ಕೆ ಅವನು ಕಾವಲುಗಾರ, ಸಂಬಳವಿಲ್ಲ, ಗತ್ತಿಗೇನೂ ಕಡಿಮೆಯಿಲ್ಲ. ಕದ್ದ ಡೋಲಿನ ಒಂದೇ ಪೆಟ್ಟನ್ನೂ ಕಿವಿಯಲ್ಲೇ ಹಿಡಿಯುತ್ತಾನೆ. ಸೊಳ್ಳೆಯ ಗುಂಯ್ ಕಳಿಸಿದರೆ ಸೊಳ್ಳೆಯ ಸಹಿಯನ್ನೂ ಕೇಳುತ್ತಾನೆಂದು ಗೆಳೆಯರು ಕಾಲೆಳೆಯುತ್ತಾರೆ. “ಒಂದ್ಸಲ ಹಂಚಿದ್ರೆ ಮುಗೀತು, ವಾಪಸ್ ತಗೊಳ್ಳಕ್ಕಾಗಲ್ಲ. ಅದಕ್ಕೇ ಮೊದಲು ಕೇಳ್ಬೇಕು,” ಎಂದು ಹೊಸಬರನ್ನು ಗದರುತ್ತಾನೆ. ಆ ಭಂಡಾರದಲ್ಲಿ ಅತಿ ಹೆಚ್ಚು ಜನ ಇಳಿಸಿಕೊಂಡದ್ದು ಅವನೇ ಹಾಕಿದ ಒಂದು ಕಾಲುಹಾರ್ಮೋನಿಯಂನ ನಾದ. ಆ ವಾದ್ಯ ಕೆಳಮನೆಯ ಐಲಿ ಅಜ್ಜಿಯದು. “ನಮ್ಮ ಯಜಮಾನ್ರು ನುಡಿಸ್ತಿದ್ದದ್ದು, ಇದರ ದನಿ ನಿನ್ನೊಬ್ಬನ ಹತ್ರಾನೇ ಇರ್ಲಿ,” ಎಂದು ಹೇಳಿಯೇ ಅವಳು ಧ್ವನಿಮುದ್ರಣಕ್ಕೆ ಬಿಟ್ಟಿದ್ದಳು. ಭಂಡಾರಕ್ಕೆ ಹಾಕುವಾಗ ಅಪ್ಪಣೆಯ ಕಾಲಂನಲ್ಲಿ ಇವನು ‘ಇದೆ’ ಎಂದು ತುಂಬಿದ. ಅಂದಿನಿಂದ ಮೆಟ್ಟಿಲಲ್ಲಿ ಅವಳ ಹೆಜ್ಜೆ ಕೇಳಿದರೆ ಬಾಗಿಲ ಹಿಂದೆಯೇ ನಿಂತುಬಿಡುತ್ತಾನೆ. ಕಾಫಿಗೆ ಕರೆದರೆ ಹೋಗುತ್ತಾನೆ, ಬಟ್ಟಲಿನಿಂದ ತಲೆಯೆತ್ತುವುದಿಲ್ಲ. ಮೊನ್ನೆ ಅವಳು ಏಲಕ್ಕಿ ಬನ್ನು ಮುಂದಿಟ್ಟು, “ರೇಡಿಯೋದಲ್ಲಿ ಒಂದು ಹಾಡು ಬಂತು ಕಣಪ್ಪಾ, ಥೇಟ್ ನಮ್ಮ ಹಾರ್ಮೋನಿಯಮ್ಮೇ,” ಎಂದಳು. “ಎಲ್ಲಾ ಹಾರ್ಮೋನಿಯಂಗಳೂ ಹಂಗೇ ಅಜ್ಜಿ,” ಎಂದು ಇವನು ಬನ್ನಿಗೆ ಹೇಳಿದ. “ಇರಬಹುದೇನೋ,” ಎನ್ನುತ್ತ ಅವಳು ಹೋಗಿ, ಧ್ವನಿಮುದ್ರಣದ ದಿನ ಇವನು ಕೂತು ನುಡಿಸಿದ್ದ, ಹಾರ್ಮೋನಿಯಂ ಮುಂದಿನ ಹಳೇ ಕುರ್ಚಿಯಲ್ಲಿ ಕೂತಳು. ಕುರ್ಚಿ ಕಿರ್ರೆಂದಿತು. “ಇದೂ ಇತ್ತಲ್ಲಪ್ಪಾ, ಆ ಹಾಡಲ್ಲಿ,” ಎಂದಳು.