ಗಾಡಿಯ ರೇಡಿಯೋ ಮತ್ತು ಸೈದಪ್ಪನ ಸಂಶಯ

ಸೊಲ್ಲಾಪುರದ ಬುಧವಾರ ಪೇಟೆಯಲ್ಲಿ ಸೈದಪ್ಪನ ರೇಡಿಯೋ ದುರಸ್ತಿ ಅಂಗಡಿಯಿತ್ತು. ಅಂಗಡಿಯೆಂದರೆ ಮನೆಯ ಪಡಸಾಲೆಗೆ ಅಡ್ಡ ಇಟ್ಟ ಒಂದು ಹಲಗೆ, ಅಷ್ಟೇ. ತಡವಳದಲ್ಲಿ ಹುಟ್ಟಿದವನು ಯುದ್ಧದ ಕಾಲಕ್ಕೆ ಪಲ್ಟಣ ಸೇರಿ, ಅಲ್ಲಿನ ವೈರ್‌ಲೆಸ್ ವರ್ಕ್‌ಶಾಪಿನಲ್ಲಿ ಕೈ ಪಳಗಿಸಿಕೊಂಡು ಬಂದಿದ್ದ. ಜೊತೆಗೆ ಯಾರನ್ನೂ ನಂಬದ ಸ್ವಭಾವವನ್ನೂ ತಂದಿದ್ದ. ಗಿರಾಕಿ ಬಂದು, ‘ನಿನ್ನೀತನಕಾ ಚಲೋ ಇತ್ತರಿ’ ಅಂದರೆ, ತಿಂಗಳಿಂದ ಕೆಟ್ಟು ಕೂತಿದೆ ಎಂದೇ ಅವನು ತಿಳಿಯುತ್ತಿದ್ದ. ಹೆಂಡತಿ ಸಾತವ್ವ ಬೇಳೆಗೆ ಉಪ್ಪು ಹಾಕಿದ್ದೇನೆ ಎಂದು ಹೇಳಿದರೂ ಒಂದು ತೊಟ್ಟು ನಾಲಗೆಗೆ ಹಚ್ಚಿ ನೋಡದೆ ರೊಟ್ಟಿ ಮುರಿಯುತ್ತಿರಲಿಲ್ಲ.

ಊರಿನ ಜನಕ್ಕೂ ಅವನ ಮೇಲೆ ಅಷ್ಟೇ ಸಂಶಯ. ೧೯೫೬ರಲ್ಲಿ ಅವನ ಓಣಿಯ ದಲಿತರೆಲ್ಲ ಬೌದ್ಧರಾದ ಮೇಲೆ ಅದು ಇನ್ನಷ್ಟು ಹೆಚ್ಚಿತ್ತು. ಅವನ ಕೈಗೆ ಸೆಟ್ ಕೊಟ್ಟರೆ ಒಳಗಿನ ಒಳ್ಳೆಯ ವಾಲ್ವ್ ಹೋಗಿ ಹಳೆಯದು ಬರುತ್ತದೆ ಎಂದು ಪೇಟೆಯ ಕೆಲವರು ಆಡಿಕೊಳ್ಳುತ್ತಿದ್ದರು. ಅದಕ್ಕೇ ಗಿರಾಕಿಯನ್ನು ಎದುರಿಗೆ ಕೂರಿಸಿಕೊಳ್ಳದೆ ಸೈದಪ್ಪ ಯಾವ ಸೆಟ್ಟಿನ ತಿರುಪನ್ನೂ ಬಿಚ್ಚುತ್ತಿರಲಿಲ್ಲ.

೧೯೫೭ರ ಚಳಿಗಾಲದಲ್ಲಿ ಅಕ್ಕಲಕೋಟೆಯ ಶೇಂಗಾ ವ್ಯಾಪಾರಿ ರಾಚಪ್ಪ ಅವನಿಗೆ ಹೇಳಿಕಳಿಸಿದ. ರಾಚಪ್ಪ ಮುಂಬೈಯಿಂದ ಒಂದು ಅಮೆರಿಕನ್ ಪಿಕಪ್ ಗಾಡಿ ತರಿಸಿದ್ದ. ಹಿಂದೆ ಚೀಲ ಹೇರುವ ತೊಟ್ಟಿ, ಮುಂದೆ ಡ್ರೈವರನ ಎದುರಿನ ತಗಡಿನಲ್ಲಿ ರೇಡಿಯೋ. ಗಾಡಿಯಲ್ಲಿ ಹಾಡು ಕೇಳಿಸುತ್ತದೆ ಎಂದರೆ ಹತ್ತಿರದ ವಾಗದರಿಯ ಜನ ಹೊಲದ ಕೆಲಸ ಬಿಟ್ಟು ರಸ್ತೆಗೆ ಓಡಿ ಬರುತ್ತಿದ್ದರು.

ಸೈದಪ್ಪ ಎಸ್‌ಟಿ ಬಸ್ಸು ಇಳಿದು ಹೋದಾಗ ಸಂಜೆಯಾಗಿತ್ತು. ಗಾಡಿ ಆಗಷ್ಟೇ ಪೇಟೆಯಿಂದ ಬಂದು ಶೆಡ್ಡಿನಲ್ಲಿ ನಿಂತಿತ್ತು. ರಾಚಪ್ಪ ಅವನನ್ನು ಗೋಡೆಯ ಮರೆಗೆ ಕರೆದ.

“ದಿನಾ ಮುಂಜಾನಿ ಬ್ಯಾಟರಿ ಸತ್ತಿರ್ತದ. ದೂಡಿ ಚಾಲೂ ಮಾಡಬೇಕು. ರಾತ್ರಿ ಯಾಂವರೆ ರೇಡಿಯೋ ಹಚ್ಚಿ ಕೇಳತಾನ, ಅದು ಪಕ್ಕಾ. ಶೆಡ್ಡಿನ್ಯಾಗ ಮಲಗಾಂವ ಡ್ರೈವರ್ ಖಂಡಪ್ಪ ಒಬ್ಬನ. ನೀ ದುರಸ್ತಿ ಮಾಡೂದು ಬ್ಯಾಡ. ಅಂವ ಸಿಗಬೇಕು, ಹಂಗ ಏನರೆ ಮಾಡು.”

“ಮದಲ ರೇಡಿಯೋ ನೋಡ್ತೀನ್ರಿ.”

ರಾಚಪ್ಪ ತಾನೇ ಗುಂಡಿ ತಿರುಗಿಸಿದ. ಟಕ್ ಎಂದಿತು, ಆ ಕ್ಷಣವೇ ಧಾರವಾಡ ಕೇಂದ್ರದ ಹಾಡು ಬಂತು. “ನೋಡಿದ್ಯಾ? ಮನಿ ರೇಡಿಯೋದಂಗ ಕಾಯೂದು ಬ್ಯಾಡ. ಅಮೆರಿಕಾದ ಮಾಲು!” ಎಂದು ಹಿಗ್ಗಿ, ಮತ್ತೆ ಟಕ್ ಎನಿಸಿ ಬಂದ್ ಮಾಡಿದ.

ವಾಲ್ವಿನ ಸೆಟ್ಟು ಯಾವ ದೇಶದ್ದಾದರೂ ಒಳಗಿನ ಗಾಜಿನ ವಾಲ್ವುಗಳು ಬಿಸಿಯಾದ ಮೇಲೆಯೇ ಹಾಡಬೇಕು. ಇದೇಕೆ ತಡಮಾಡಲಿಲ್ಲ? ಡ್ರೈವರ್ ದಾರಿಯುದ್ದಕ್ಕೂ ಹಚ್ಚಿಕೊಂಡು ಬಂದು, ಧಣಿಯನ್ನು ನೋಡಿ ಈಗಷ್ಟೇ ಬಂದ್ ಮಾಡಿರಬೇಕು ಎಂದುಕೊಂಡ ಸೈದಪ್ಪ. ಅವನ ಸಂಶಯವೂ ಖಂಡಪ್ಪನ ಮೇಲೇ ಹೋಯಿತು.

ಖಂಡಪ್ಪ ಭಂಡಾರಕವಠೆಯ ಕುರುಬರವನು, ಎತ್ತರದ ಆಳು, ಮಾತು ಕಡಿಮೆ. ರಾಚಪ್ಪ ಒಳಗೆ ಹೋದ ಮೇಲೆ ತನ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿ ಸೈದಪ್ಪನ ಕೈಗೆ ಕೊಟ್ಟ. ಬುತ್ತಿಯ ಅರಿವೆ ನಡುವೆ ಹಾಸಿ ಎದುರುಬದುರಾಗಿ ಕೂತು ಉಂಡ. ರಾಚಪ್ಪನ ಮನೆಯಲ್ಲಿ ಸೈದಪ್ಪನಿಗೆ ಚಹ ಬಂದದ್ದು ಅವನ ಜಾತಿಯವರಿಗೆಂದು ಹಿತ್ತಲಲ್ಲಿಟ್ಟ ಬೇರೆ ಕಪ್ಪಿನಲ್ಲಿ. ಹೀಗಿರುವಾಗ ಇವನೇಕೆ ಇಷ್ಟು ಪ್ರೀತಿ ತೋರಿಸುತ್ತಿದ್ದಾನೆ? ನನ್ನನ್ನು ತನ್ನ ಕಡೆ ಮಾಡಿಕೊಳ್ಳಲಿಕ್ಕೇ ಇರಬೇಕು. ರೊಟ್ಟಿ ತಿನ್ನುತ್ತಲೇ ಸೈದಪ್ಪ ಹೀಗೆ ಲೆಕ್ಕ ಹಾಕಿದ.

ಖಂಡಪ್ಪ ಕೈ ತೊಳೆಯಲು ಹೋದಾಗ ಸೈದಪ್ಪ ತನ್ನ ತಲೆಯಿಂದ ಒಂದು ಕೂದಲು ಕಿತ್ತು, ರೇಡಿಯೋದ ಗುಂಡಿಯಿಂದ ತಗಡಿಗೆ ಅಡ್ಡಲಾಗಿ ಎಂಜಲು ಹಚ್ಚಿ ಅಂಟಿಸಿದ. ಗುಂಡಿ ಒಂದು ಎಳೆಯಷ್ಟು ತಿರುಗಿದರೂ ಕೂದಲು ಬಿಡಬೇಕು. ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ ಮಲಗಿದ.

ಬೆಳಗಿನ ಚಳಿಯಲ್ಲಿ ಬಂದು ನೋಡಿದರೆ ಕೂದಲು ಅಂಟಿಸಿದಂತೆಯೇ ಇತ್ತು. ಆದರೆ ಖಂಡಪ್ಪ ಗಾಡಿ ಚಾಲೂ ಮಾಡಹೋದರೆ ಇಂಜಿನ್ ಒಮ್ಮೆ ನರಳಿ ಸುಮ್ಮನಾಯಿತು. ಬ್ಯಾಟರಿಯಲ್ಲಿ ಇಂಜಿನ್ ತಿರುಗಿಸುವಷ್ಟು ಕಸುವು ಉಳಿದಿರಲಿಲ್ಲ.

ಸೈದಪ್ಪನ ತಲೆಯಲ್ಲಿ ಮೊದಲು ಬಂದದ್ದು, ಡ್ರೈವರ್ ಕೂದಲು ನೋಡಿ ಮತ್ತೆ ಅಂಟಿಸಿದ್ದಾನೆ ಎಂದು. ಅಷ್ಟರಲ್ಲಿ ಅವನ ಅಂಗೈ ರೇಡಿಯೋದ ಪೆಟ್ಟಿಗೆಗೆ ತಾಗಿತು. ಗಾಡಿಯ ತಗಡೆಲ್ಲ ಮಂಜಿನಲ್ಲಿ ತಣ್ಣಗೆ ಕೊರೆಯುತ್ತಿತ್ತು, ಪೆಟ್ಟಿಗೆ ಮಾತ್ರ ಬೆಚ್ಚಗಿತ್ತು. ಕಿವಿಯಿಟ್ಟು ಕೇಳಿದ. ಒಳಗೆ ದುಂಬಿ ಗುಂಯ್‌ಗುಟ್ಟಿದಂತೆ ಸಣ್ಣ ಸದ್ದು. ಗುಂಡಿ ಬಂದ್ ಇದ್ದರೂ ರೇಡಿಯೋ ಬಂದ್ ಆಗಿರಲಿಲ್ಲ! ನಿನ್ನೆ ಸಂಜೆ ತಡವಿಲ್ಲದೆ ಹಾಡಿದ್ದರ ಗುಟ್ಟೂ ಇದೇ. ಅದರ ವಾಲ್ವುಗಳು ಸದಾ ಬಿಸಿಯಾಗೇ ಇರುತ್ತಿದ್ದವು.

ರಾಚಪ್ಪ ಬಂದವನೇ ಕೇಳಿದ, “ಸಿಕ್ಕನೇನು?”

“ಸಿಕ್ಕತ್ರಿ. ಚೋರಿ ರೇಡಿಯೋದ ಒಳಗ ಅದ. ಗುಂಡಿ ಟಕ್ ಅಂತದ, ದನಿ ಹೋಗತದ, ಖರೆ ಒಳಗಿನ ಸ್ವಿಚ್ ಬಿಡೂದಿಲ್ಲ. ರಾತ್ರೆಲ್ಲಾ ವಾಲ್ವ್ ಉರೀತಾವು.”

ರಾಚಪ್ಪನ ಕಣ್ಣು ಒಬ್ಬರಿಂದ ಒಬ್ಬರಿಗೆ ಓಡಾಡಿತು. “ನಿನ್ನಿ ಇಬ್ಬರೂ ಕೂಡಿ ಉಂಡ್ರಂತಲ್ಲ. ನನಗ ಗೊತ್ತಾಗೂದಿಲ್ಲಂತ ತಿಳದೀರೇನು?”

ಸೈದಪ್ಪ ಬಾನೆಟ್ಟು ಎತ್ತಿ ಬ್ಯಾಟರಿಯ ಒಂದು ವಾಯರು ಬಿಚ್ಚಿ, ಅದನ್ನು ರಾಚಪ್ಪನ ಕೈಗೇ ಕೊಟ್ಟ. “ಎಲ್ಲಾ ಬಂದ್ ಅದ ಅಂತ ನೀವ ನೋಡ್ರಿ. ಈಗ ಬ್ಯಾಟರಿಗಿ ಮುಟ್ಟಸ್ರಿ.” ಮುಟ್ಟಿಸಿದಾಗ ಚಟ್ಟೆಂದು ಕಿಡಿ ಹಾರಿತು. ರಾಚಪ್ಪ ಹೌಹಾರಿ ಹಿಂದೆ ಸರಿದ. ಸೈದಪ್ಪ ರೇಡಿಯೋಕ್ಕೆ ಹೋಗುವ ತಂತಿಯನ್ನು ಕಿತ್ತು, “ಈಗ ಮತ್ತ ಮುಟ್ಟಸ್ರಿ” ಎಂದ. ಕಿಡಿ ಬರಲಿಲ್ಲ, ಅಂದರೆ ಕರೆಂಟು ಎಳೆಯುತ್ತಿದ್ದುದು ರೇಡಿಯೋ ಒಂದೇ. ರಾಚಪ್ಪ ಮತ್ತೆ ಮತ್ತೆ ಮುಟ್ಟಿಸಿ ನೋಡಿದ. ಪೆಟ್ಟಿಗೆ ಬಿಚ್ಚಿದಾಗ ಸ್ವಿಚ್ಚಿನೊಳಗಿನ ಹಿತ್ತಾಳೆಯ ನಾಲಗೆ ಕಾಯ್ದು ಕಪ್ಪಾಗಿ ಕಚ್ಚಿಕೊಂಡದ್ದು ಕಣ್ಣಿಗೇ ಕಂಡಿತು.

“ಆತು, ಬ್ಯಾರೆ ಸ್ವಿಚ್ ಹಾಕು,” ಎಂದ ರಾಚಪ್ಪ, ನೆಲ ನೋಡುತ್ತ. ಕೆಲಸ ಮುಗಿದ ಮೇಲೆ ಏನೂ ಆಗಿಲ್ಲವೆಂಬಂತೆ ಡ್ರೈವರನನ್ನು ಕೂಗಿದ. “ಖಂಡಪ್ಪಾ, ಗಾಡಿ ತಗಿ. ವಾಗದರಿಗೆ ಹೋಗೂದದ.”

ಖಂಡಪ್ಪ ಕೀಲಿಕೈ ತೆಗೆದು ಗಾಡಿಯ ಮೂತಿಯ ಮೇಲಿಟ್ಟ. “ಬ್ಯಾರೆ ಯಾರನ್ನರೆ ನೋಡ್ಕೋರಿ.”

“ಈಗ ನಿನ್ನ ಮ್ಯಾಲ ಏನೂ ಇಲ್ಲಲ್ಲೋ!”

“ನಾಳಿ ಟಾಯರ್ ಪಂಚರ್ ಆದ್ರೂ ನನ್ನ ಮಾರೀನ ನೋಡ್ತೀರಿ.”

ಹಾಸಿಗೆ ಸುತ್ತಿಕೊಂಡು ಹೊರಟವನು ಸೈದಪ್ಪನ ಹತ್ತಿರ ನಿಂತ. “ನೀ ಕೂದಲಾ ಹಚ್ಚಿದ್ದು ನಾ ನೋಡೀನಿ. ಗಾಡಿಗಿ ಕೈ ಹತ್ತಬಾರದಂತ ರಾತ್ರಿ ಹೊರಗ ಬೇವಿನ ಗಿಡದ ಬುಡಕ ಮಲಗೀನಿ. ಥಂಡಿ ಭಾಳ ಇತ್ತು.” ಬೈದಿದ್ದರೆ ಸೈದಪ್ಪ ತಿರುಗಿ ಬೈಯಬಹುದಿತ್ತು. ಅವನು ತನ್ನ ಸಾಮಾನಿನ ಚೀಲ ಎತ್ತಿಕೊಂಡು ಖಂಡಪ್ಪನ ಹಿಂದೆಯೇ ನಡೆದ.

ಇಬ್ಬರೂ ಒಂದೇ ಬಸ್ಸು ಹತ್ತಿದರು. ಖಂಡಪ್ಪ ಅವನ ಪಕ್ಕದಲ್ಲಿ ಜಾಗವಿದ್ದರೂ ಹಿಂದೆ ಹೋಗಿ ಕೂತ. ಸೊಲ್ಲಾಪುರದಲ್ಲಿ ಇಳಿದ ಮೇಲೆ ಸೈದಪ್ಪ ಅವನ ದಾರಿಗೆ ಅಡ್ಡ ನಿಂತ.

“ನಿನ್ನ ರೊಟ್ಟಿ ತಿಂದು ನಿನ್ನ ಹಿಡ್ಯಾಕ ಬಲಿ ಒಡ್ಡೀನಿ. ತಪ್ಪಾತು. ಮನಿಗಿ ಬಾ, ಉಂಡು ಹೋಗು.”

“ಹಸಿವಿಲ್ಲ,” ಎಂದ ಖಂಡಪ್ಪ. ಆದರೆ ಕೆಲಸಕ್ಕೆ ಹೋಗಲು ಅವನಿಗೆ ಬೇರೆ ಜಾಗವೂ ಇರಲಿಲ್ಲ.

ಸೈದಪ್ಪ ಊಟದ ಮಾತು ಬಿಟ್ಟು ಅವನನ್ನು ತನಗೆ ಪರಿಚಯವಿದ್ದ ಲಾರಿ ಮಾಲೀಕ ಸಿದ್ದಣ್ಣನ ಅಡ್ಡೆಗೆ ಕರೆದುಕೊಂಡು ಹೋದ. ಸಿದ್ದಣ್ಣ ಖಂಡಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮನಷ್ಯಾ ವಿಶ್ವಾಸದಾಂವ ಹೌದೋ ಅಲ್ಲೋ?” ಎಂದು ಕೇಳಿದ.

“ನಾ ಹೇಳ್ತೀನಲ್ಲರಿ. ಇಟ್ಕೋರಿ.”

ಈ ಸುದ್ದಿ ಕೇಳಿ ಸಾತವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ನೀವು? ಇನ್ನೊಬ್ಬರ ಸಲುವಾಗಿ? ಖರೇನಾ?” ಎಂದು ಗಂಡನ ಮುಖ ನೋಡಿದಳು, ನಂಬಿಕೆಯಾಗದೆ.

ಸೈದಪ್ಪನ ಸ್ವಭಾವವೇನೂ ಬದಲಾಗಲಿಲ್ಲ. ಗಿರಾಕಿಗಳ ಮಾತನ್ನು ಅವನು ಕೊನೆಯವರೆಗೂ ನಂಬಲಿಲ್ಲ. ಆದರೆ ಆಮೇಲೆ ಯಾವನಾದರೂ ಕಳ್ಳನನ್ನು ಹಿಡಿದುಕೊಡು ಎಂದು ಕರೆದರೆ, ತಾನು ತಂತಿ ನೋಡುವವನು, ಮನುಷ್ಯರನ್ನು ನೋಡುವ ಕೆಲಸ ತನ್ನದಲ್ಲ ಎಂದು ಹೇಳಿ ಕಳಿಸುತ್ತಿದ್ದ. ಖಂಡಪ್ಪ ವಿಜಾಪುರದ ರಸ್ತೆಯಲ್ಲಿ ಲಾರಿ ಹೊಡೆಯುತ್ತಿದ್ದ. ಬುಧವಾರ ಪೇಟೆಯ ಮುಂದೆ ಹಾಯ್ದರೂ ಬಹಳ ದಿನ ಅವನು ಅಂಗಡಿಯ ಕಡೆ ತಲೆ ಹೊರಳಿಸಲಿಲ್ಲ. ಮುಂದಿನ ಸುಗ್ಗಿ ಕಳೆದ ಮೇಲೆ ಒಂದು ಮಧ್ಯಾಹ್ನ ಲಾರಿ ನಿಲ್ಲಿಸಿ ಇಳಿದು ಬಂದು, ಹಲಗೆಯ ಆಚೆ ಕೂತು, “ಅಕ್ಕಾ, ಚಹಾ ಮಾಡ್ತಿಯೇನ?” ಎಂದು ಒಳಗೆ ಕೂಗಿದ. ಸೈದಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು, ಅವನು ಕೂತಲ್ಲಿಗೆ ಗೋಣಿತಟ್ಟು ಹಾಸಿದ.